ಮೀಸೆಯಲ್ಲಿ ಹೂಡಿದ ಬಿಡಾರ

ಗಂಡಸರ ಶಸ್ತ್ರಚಿಕಿತ್ಸೆ ವಾರ್ಡಿನ ದೊಡ್ಡ ಡಾಕ್ಟರನ್ನು ಯಾರೂ ಹೆಸರು ಹಿಡಿದು ಕರೆದವರಲ್ಲ. ಎಲ್ಲರ ಬಾಯಲ್ಲೂ ಅವರು ಮೀಸೆ ಡಾಕ್ಟರು. ಕೆನ್ನೆ ದಾಟಿ ಕಿವಿಯ ಯೋಗಕ್ಷೇಮ ವಿಚಾರಿಸಲು ಹೊರಟಂತಿತ್ತು ಆ ಮೀಸೆ. ಹೊಟ್ಟೆ ಕೊಯ್ಯುವಾಗ ಒಂದಿಷ್ಟೂ ಅಲುಗದ ಅವರ ಕೈ, ಕೆಲಸವಿಲ್ಲದಾಗ ತಾನಾಗಿಯೇ ಮೇಲೇರಿ ಮೀಸೆ ತಿರುವುತ್ತಿತ್ತು. ಯೋಚನೆಗೆ ಬಿದ್ದರೆ ಎಡಗಡೆ, ಖುಷಿಯಾದರೆ ಬಲಗಡೆ.

ವಾರ್ಡಿನ ಹಿರಿಯ ನರ್ಸ್ ಬೇರಾರೂ ಅಲ್ಲ, ಡಾಕ್ಟರ ಒಡಹುಟ್ಟಿದ ಅಕ್ಕ. ಊರಿಗೆಲ್ಲ ಅವಳು ಸಿಸ್ಟರ್ ಆದರೂ ಹಾಗೆ ಕರೆಯುವ ನಿಜವಾದ ಹಕ್ಕು ಇದ್ದದ್ದು ಇವರೊಬ್ಬರಿಗೆ. ಡ್ಯೂಟಿಯಲ್ಲಿ ಅವಳು "ಡಾಕ್ಟ್ರೇ" ಎನ್ನುವಳು, ಇವರು "ಸಿಸ್ಟರ್" ಎನ್ನುವರು. ಸಿಟ್ಟು ನೆತ್ತಿಗೇರಿದಾಗ ಮಾತ್ರ "ಏ ಪುಟ್ಟಾ" ಎಂಬುದು ಅವಳ ಬಾಯಿಂದ ಜಾರುತ್ತಿತ್ತು.

ಒಮ್ಮೆ ಒಬ್ಬರಾದ ಮೇಲೊಬ್ಬರ ಹೊಲಿಗೆಯಲ್ಲಿ ಕೀವಾಗತೊಡಗಿತು. ಎಲ್ಲರ ಗಾಯದಲ್ಲೂ ಒಂದೇ ಬ್ಯಾಕ್ಟೀರಿಯಾ ಇದೆ ಎಂದರು ಲ್ಯಾಬಿನವರು. ಅದಕ್ಕೆ ಕಾಲಿಲ್ಲ. ಯಾರದೋ ಕೈ ಹಿಡಿದುಕೊಂಡೇ ಹಾಸಿಗೆಯಿಂದ ಹಾಸಿಗೆಗೆ ಹೋಗಿರಬೇಕು.

"ನಾನಂತೂ ಪ್ರತಿ ಹಾಸಿಗೆಗೂ ಕೈ ತೊಳ್ಕೊಂಡೇ ಹೋಗ್ತೀನಿ. ಇದು ನೋಡೋಕೆ ಬರೋ ನೆಂಟರದ್ದೇ ಕಿತಾಪತಿ," ಎಂದರು ಡಾಕ್ಟರು. ಕೈ ತೊಳೆಯುವ ಮಾತು ಸುಳ್ಳಲ್ಲ, ಅಕ್ಕನೇ ಕಣ್ಣಾರೆ ಕಂಡಿದ್ದಳು.

ಅವಳೊಂದು ಉಪಾಯ ಹೂಡಿದಳು. ಸಾದಾ ಬೆಳಕಿನಲ್ಲಿ ಕಾಣದ, ನೀಲಿ ದೀಪ ಹಿಡಿದರೆ ಮಿಂಚುವ ಪುಡಿಯೊಂದನ್ನು ಮೊದಲ ಮಂಚದ ಕಂಬಿಗೆ ಸವರಿಟ್ಟಳು. ರೌಂಡ್ಸ್ ಮುಗಿದದ್ದೇ ಪರದೆ ಎಳೆದು ದೀಪ ಹಾಕಿದಳು. ಕಂಬಿ ಮಿಂಚಿತು. ಅಲ್ಲಿಂದ ಮುಂದಿನ ಹಾಸಿಗೆಗಳ ಹೊದಿಕೆ, ಬ್ಯಾಂಡೇಜು ಎಲ್ಲವೂ ಮಿಂಚಿದವು. ಕತ್ತಲಲ್ಲಿ ಎಲ್ಲಕ್ಕಿಂತ ಜೋರಾಗಿ ಉರಿದದ್ದು ಗಾಳಿಯಲ್ಲಿ ತೇಲುವಂತಿದ್ದ ಒಂದು ಮೀಸೆ.

"ಅಯ್ಯಯ್ಯೋ, ಡಾಕ್ಟ್ರಿಗೆ ಬೆಂಕಿ ಹತ್ಕೊಂಡಿದೆ!" ಎಂದು ಕೂಗಿಕೊಂಡ ಮೊದಲ ಮಂಚದ ದರ್ಜಿ.

"ನಾನು ಕೈ ತೊಳೆದಿದ್ದೆನಲ್ಲ!"

"ಏ ಪುಟ್ಟಾ, ಕೈ ತೊಳೆದೆ ಸರಿ. ತೊಳೆದ ಕೈನ ಎಲ್ಲಿಗೆ ಕಳಿಸ್ದೆ?"

ಕಂಬಿ ಮುಟ್ಟಿದ ಕೈ ಮೀಸೆಗೆ ಹೋಗಿತ್ತು. ಆಮೇಲೆ ತೊಳೆದ ಕೈಯೂ ದಾರಿಯಲ್ಲೇ ಮೀಸೆಯನ್ನು ಮಾತಾಡಿಸಿಕೊಂಡು ಮುಂದಿನ ರೋಗಿಯ ಬಳಿ ನಡೆದಿತ್ತು. ವಾರ್ಡೇ ಬಿದ್ದುಬಿದ್ದು ನಕ್ಕಿತು.

"ನಿನ್ನ ಗಲ್ಲ ನೋಡ್ಕೋ ಅಕ್ಕಾ," ಎಂದರು ಡಾಕ್ಟರು. ಅದೂ ಮಿಣುಕುತ್ತಿತ್ತು. ಗಲ್ಲಕ್ಕೆ ಕೈಯೂರಿ ನಿಲ್ಲುವುದು ಅವಳ ಚಾಳಿ.

ಲ್ಯಾಬಿನವನು ಬಂದು ಇಬ್ಬರ ಮೂಗಿಗೂ ಹತ್ತಿಯ ಕಡ್ಡಿ ತೂರಿಸಿದ. ಮೀಸೆಗೂ ಒಂದು ಸವರಿಕೊಂಡು ಹೋದ. ಅಕ್ಕನ ಮೂಗಿನಲ್ಲಿ ಏನೂ ಸಿಗಲಿಲ್ಲ. ಡಾಕ್ಟರ ಕಡ್ಡಿಗಳನ್ನು ಸವರಿಟ್ಟ ಲ್ಯಾಬಿನ ತಟ್ಟೆಗಳಲ್ಲಿ ಮಾತ್ರ ಹಳದಿ ಚುಕ್ಕೆಗಳು ಹುಲುಸಾಗಿ ಬೆಳೆದಿದ್ದವು. ಗಾಯಗಳಲ್ಲಿದ್ದದ್ದೂ ಅದೇ ಬ್ಯಾಕ್ಟೀರಿಯಾ.

"ಬಂಗಾರದ ಬಣ್ಣ ಸರ್," ಎಂದ ಅವನು. ಡಾಕ್ಟರ ಮುಖ ಅರೆಗಳಿಗೆ ಅರಳಿ, ತಕ್ಷಣ ಬಾಡಿತು. ಎಷ್ಟೋ ಜನರ ಮೂಗಿನಲ್ಲಿ ಈ ಜೀವಿ ಯಾರಿಗೂ ತೊಂದರೆ ಕೊಡದೆ ಸಂಸಾರ ಮಾಡಿಕೊಂಡಿರುತ್ತದೆ. ಕೊಯ್ದ ಗಾಯ ಸಿಕ್ಕಿತೆಂದರೆ ಮಾತ್ರ ಅದರ ಅಸಲಿ ಬುದ್ಧಿ ಹೊರಬೀಳುತ್ತದೆ. ಡಾಕ್ಟರ ಮೂಗು ಅದರ ತವರುಮನೆಯಾಗಿತ್ತು, ಮೀಸೆ ಜಗಲಿ.

"ಮೂಗಿಗೆ ಮುಲಾಮು ಹಚ್ಕೋತೀನಿ. ಮೀಸೆ ತಂಟೆಗೆ ಬರ್ಬೇಡ," ಎಂದು ಅವರು ಅಕ್ಕನ ಮುಂದೆ ಅಂಗಲಾಚಿದರು.

"ಮೀಸೆ ಇಟ್ಕೋ ಮಾರಾಯ. ಮುಟ್ಟಬೇಡ, ಅಷ್ಟೇ."

ಅದೇ ಆಗದ ಮಾತು. ಕೈಗಳನ್ನು ಬೆನ್ನ ಹಿಂದೆ ಕಟ್ಟಿ ನೋಡಿದರು, ಬಿಚ್ಚಿಕೊಂಡವು. ಮಾಸ್ಕ್ ಹಾಕಿ ನೋಡಿದರು, ಮಾಸ್ಕನ್ನೇ ತಿರುವಿದರು. ಕೊನೆಗೊಂದು ದಿನ ಬಚ್ಚಲಮನೆಯ ಬಾಗಿಲು ಹಾಕಿಕೊಂಡು ತಾವೇ ಬೋಳಿಸಿಬಿಟ್ಟರು. ಹೆಂಡತಿ ನೋಡಿ, ಪಾಪ, ನಗದಿರಲು ತುಂಬ ಕಷ್ಟಪಟ್ಟಳು.

ಮುಲಾಮು ತನ್ನ ಕೆಲಸ ಮಾಡಿತು. ಹಳೆಯ ಗಾಯಗಳು ಮಾಯ್ದವು, ಹೊಸದಾಗಿ ಯಾರಿಗೂ ಕೀವಾಗಲಿಲ್ಲ. ಆದರೆ ಬೋಳು ಮುಖ ಹೊತ್ತು ವಾರ್ಡಿಗೆ ಬಂದ ಮೊದಲ ದಿನ ದರ್ಜಿ ಅಂಗಿ ಎತ್ತಲು ಬಿಲ್‌ಕುಲ್ ಒಪ್ಪಲಿಲ್ಲ.

"ನಂಗೆ ಹೊಲಿಗೆ ಹಾಕಿದ್ದು ಮೀಸೆ ಡಾಕ್ಟ್ರು. ಅವರೇ ಬಂದು ನೋಡ್ಲಿ. ನೀನ್ಯಾರಪ್ಪ?"

"ನಾನೇ ರೀ!"

"ಹೋಗಪ್ಪ ಹೋಗು, ದೊಡ್ಡವರನ್ನ ಕರ್ಕೊಂಡು ಬಾ."