ಮೂಲೆ ಹೊಲಿಯದ ಹಾಸಿಗೆ

ನಮ್ಮ ದೊಡ್ಡಮ್ಮ ಹಾಸಿಗೆ ಹೊಲಿಯುವವಳು. ನನ್ನನ್ನು ಸಾಕಿದ್ದೂ ಅವಳೇ, ಸೂಜಿ ಹಿಡಿಯಲು ಕಲಿಸಿದ್ದೂ ಅವಳೇ. ಅಜ್ಜನ ಕಾಲದಲ್ಲೇ ಬೆಟ್ಟದಾಚೆಯಿಂದ ಬಂದು ಇಲ್ಲಿ ನೆಲೆಸಿದವರು ನಾವು. ಆದರೂ ಬೀದಿಯವರ ಬಾಯಲ್ಲಿ ಇನ್ನೂ 'ಆಚೆಯವರು'. ಹಾಸಿಗೆಯೊಳಗೆ ಹಳೇ ಚಿಂದಿ ತುರುಕುತ್ತೇವೆಂದು ಎಲ್ಲರಿಗೂ ಗುಮಾನಿ. ಅದಕ್ಕೇ ನಮ್ಮವರು ಹಾಸಿಗೆಯ ಒಂದು ಮೂಲೆಯನ್ನು ಹೊಲಿಯದೆ ಬಿಟ್ಟಿರುತ್ತಾರೆ. ಗಿರಾಕಿ ಬಂದು, ಅಲ್ಲಿ ಕೈ ತೂರಿಸಿ, ಹತ್ತಿ ಹಿಚುಕಿ ನೋಡಿ "ಸರಿ" ಎಂದ ಮೇಲೆಯೇ ಅವರ ಕಣ್ಣೆದುರು ಮುಚ್ಚುವುದು.

ಇಷ್ಟು ಮಾಡಿದರೂ ಒಂದು ನಾಟಕ ನಮ್ಮ ಹೊಟ್ಟೆಯ ಮೇಲೆ ಹೊಡೆಯಿತು. ಯಾರೋ ಪುಣ್ಯಾತ್ಮ ಬರೆದದ್ದು. ಅದರಲ್ಲಿ ಆಚೆಯವನೊಬ್ಬ ಕದ್ದ ಒಡವೆಯನ್ನು ಹಾಸಿಗೆಯಲ್ಲಿ ಬಚ್ಚಿಡುತ್ತಾನೆ. ಜನ ಚಪ್ಪಾಳೆ ತಟ್ಟಿ, ಮನೆಗೆ ಹೋಗಿ, ದೊಡ್ಡಪ್ಪ ಹೊಲಿದ ಹಾಸಿಗೆಗಳನ್ನು ಕೊಯ್ದು ನೋಡಿದರು. ಒಳಗೆ ಹತ್ತಿಯೇ ಇತ್ತು. ಆದರೂ ಗಿರಾಕಿಗಳು ಇತ್ತ ತಲೆ ಹಾಕಲಿಲ್ಲ. ದೊಡ್ಡಪ್ಪ ಆ ಕೊರಗಿನಲ್ಲೇ ಹೋದರು. ಅಂಗಡಿ ಈಗೀಗ ಚೇತರಿಸಿಕೊಳ್ಳುತ್ತಿತ್ತು.

ಅಂಥ ಹೊತ್ತಿನಲ್ಲಿ ಅಂಗಡಿಯ ಮೇಲಿನ ಕೋಣೆಗೆ ಕಥೆ ಬರೆಯುವ ಹೆಂಗಸೊಬ್ಬಳು ಬಾಡಿಗೆಗೆ ಬಂದಳು. ನಾನವಳಿಗೆ ಮಹಡಿಯಮ್ಮ ಎಂದು ಹೆಸರಿಟ್ಟೆ. ಬಂದ ವಾರವೇ ಕೆಳಗಿಳಿದು, ಹತ್ತಿ ಮೂಟೆಯ ಮೇಲೆ ಕೂತು, "ನನ್ನ ಕಾದಂಬರೀಲಿ ನಿಮ್ಮ ಜನದ ಒಬ್ಬ ಹೆಂಗಸು ಬರ್ತಾಳೆ. ನಿಮ್ಮವರ ಬಗ್ಗೆ ನಂಗೇನೂ ಗೊತ್ತಿಲ್ಲ. ಸ್ವಲ್ಪ ಹೇಳ್ತೀರಾ?" ಎಂದಳು.

ನನಗೆ ಮೈಯೆಲ್ಲ ಉರಿಯಿತು. ಅವಳು ಅತ್ತ ಹೋಗುತ್ತಲೇ, "ದೊಡ್ಡಮ್ಮಾ, ಇವಳನ್ನ ಸೇರಿಸ್ಬೇಡ. ನಮ್ಮನ್ನ ಮತ್ತೆ ಕಳ್ಳರು ಮಾಡ್ತಾಳೆ," ಎಂದೆ.

"ನನ್ನ ಕಿವಿ ಮೇಲೆ ಹೂ ಇಡೋಕೆ ಅವಳಿಂದ ಆಗುತ್ತೇನೇ? ನೋಡ್ತಿರು," ಎಂದಳು ದೊಡ್ಡಮ್ಮ.

ಮರುದಿನದಿಂದ ದೊಡ್ಡಮ್ಮ ಮಹಡಿಯಮ್ಮನಿಗೆ ಬಿಟ್ಟಿದ್ದೆಲ್ಲ ಬರೀ ಬುರುಡೆ. ನಮ್ಮವರು ಎಡಮಗ್ಗುಲಾಗಿ ಮಲಗುವುದೇ ಇಲ್ಲವಂತೆ! ಹೊಸದಾಗಿ ಮದುವೆಯಾದವಳು ಗಂಡನ ಹತ್ತಿರ ಮಾತಾಡದೆ ಹಾಡಿಯೇ ಎಲ್ಲ ಕೇಳಬೇಕಂತೆ! "ಉಪ್ಪು ಬೇಕಾದ್ರೂ ಹಾಡೇನಾ?" ಎಂದಳು ಮಹಡಿಯಮ್ಮ. "ಉಪ್ಪಿಗೆ ಬೇರೆ ಹಾಡಿದೆ," ಎಂದಳು ದೊಡ್ಡಮ್ಮ, ಮುಖ ಗಂಟಿಕ್ಕಿಕೊಂಡು. ನಾನು ನಗು ತಡೆಯಲಾರದೆ ಬಾಯಿಗೆ ಕೈ ಅಡ್ಡ ಹಿಡಿದೆ. ಮಹಡಿಯಮ್ಮ ಮಾತ್ರ ಒಂದಕ್ಷರ ಬರೆದುಕೊಳ್ಳಲಿಲ್ಲ. ಬರೆಯುವವಳು ಬರೆದುಕೊಳ್ಳದಿದ್ದರೆ ಏನರ್ಥ? ನನ್ನ ಅನುಮಾನ ಇನ್ನೂ ಬಲವಾಯಿತು. ಅವಳ ಕಸದ ಬುಟ್ಟಿಗೂ ಇಣುಕಿ ನೋಡಿದೆ. ಪೆನ್ಸಿಲ್ ಸಿಪ್ಪೆ ಬಿಟ್ಟು ಏನೂ ಇರಲಿಲ್ಲ.

ನಮ್ಮ ಅಂಗಡಿಯಲ್ಲಿ ಬಾಯಿಬಿಟ್ಟು ಆಡದ ಸಂಗತಿ ಒಂದಿತ್ತು. ದೊಡ್ಡ ಹಾಸಿಗೆಗೆ ಇಬ್ಬರು ಬೇಕು. ಒಬ್ಬರು ಎದುರು ಕೂತು ಬಟ್ಟೆ ಎಳೆದು ಹಿಡಿಯಬೇಕು. ಅದು ದೊಡ್ಡಪ್ಪನ ಜಾಗ. ನಾನು ಹಾಸಿಗೆ ತಲುಪಿಸಲು ಹೊರಗೆ ಹೋದಾಗ ದೊಡ್ಡಮ್ಮ ಆ ಖಾಲಿ ಜಾಗವನ್ನು ಬೈಯುತ್ತ ಹೊಲಿಯುತ್ತಾಳೆ. ಬಾಗಿಲಲ್ಲೇ ಕೇಳಿಸಿಕೊಂಡು ಎಷ್ಟೋ ಸಲ ಸದ್ದಿಲ್ಲದೆ ಹಿಂದಕ್ಕೆ ಹೋಗಿದ್ದೇನೆ. ಯಾರಿಗೂ ಹೇಳಿಲ್ಲ, ಅವಳಿಗೂ.

ಒಂದು ಮಧ್ಯಾಹ್ನ ಮಹಡಿಯಮ್ಮ ಹಾಳೆಗಳನ್ನು ಹಿಡಿದುಕೊಂಡು ಬಂದಳು. ಅಂದು ಮೂಟೆಯ ಮೇಲೆ ಕೂರಲಿಲ್ಲ, ಹೊಸ್ತಿಲಲ್ಲೇ ನಿಂತಳು. "ಮೂಲೆ ಇನ್ನೂ ಹೊಲಿದಿಲ್ಲಮ್ಮ. ಕೈ ಹಾಕಿ ನೋಡಿ," ಎಂದು ಹಾಳೆಗಳನ್ನು ಚಾಚಿದಳು.

"ನೀನೇ ಓದೇ," ಎಂದಳು ದೊಡ್ಡಮ್ಮ ನನಗೆ. "ಅವರು ಓದಿದ್ರೆ ನಡುವೆ ಹಾರಿಸಿಬಿಡ್ತಾರೆ."

ಓದಿದೆ. ಕಳ್ಳತನ ಇರಲಿಲ್ಲ. ಹಾಸಿಗೆ ಹೊಲಿಯುವವಳೊಬ್ಬಳು, ಮೂಗು ತೂರಿಸುವ ಹೆಂಗಸಿಗೆ ಉಪ್ಪಿನ ಹಾಡಿನ ಬುರುಡೆ ಬಿಟ್ಟು, ಆಮೇಲೆ ಹತ್ತಿಯಲ್ಲಿ ಮುಖ ಹುದುಗಿಸಿ ನಗುತ್ತಿದ್ದಳು.

"ಅಯ್ಯೋ, ಗೊತ್ತಿತ್ತಾ ನಿಮ್ಗೆ?" ಎಂದಳು ದೊಡ್ಡಮ್ಮ.

"ನಿಮ್ಮ ಮಗಳು ಬಾಯಿಗೆ ಕೈ ಹಿಡಿದ್ಲಲ್ಲ," ಎಂದಳು ಮಹಡಿಯಮ್ಮ.

ಮುಂದಿನ ಹಾಳೆಗೆ ಬಂದು ಓದುವುದನ್ನು ನಿಲ್ಲಿಸಿದೆ. "ಯಾಕೆ ನಿಲ್ಲಿಸ್ದೆ? ಓದು," ಎಂದಳು ದೊಡ್ಡಮ್ಮ. ವಿಧಿಯಿಲ್ಲದೆ ಓದಿದೆ. ಆ ಹೆಂಗಸು ಒಬ್ಬಳೇ ಕೂತು ಎದುರಿನ ಖಾಲಿ ಜಾಗಕ್ಕೆ ಹೇಳುತ್ತಿದ್ದಳು: "ರೀ, ಎಳೀರಿ ಅಂದ್ನಲ್ಲ, ಕಿವಿ ಕೇಳಲ್ವಾ? ಹೋದ ಮೇಲೂ ನಿಮ್ಮ ಮೈಗಳ್ಳತನ ಹೋಗ್ಲಿಲ್ಲ."

ದೊಡ್ಡಮ್ಮ ನನ್ನ ಕಡೆ ತಿರುಗಿದಳು. ಜನ ನಮ್ಮನ್ನು ನೋಡುವ ಅದೇ ನೋಟ. "ನೀನು ಹೇಳಿದ್ಯಾ?"

ನನಗೆ ಅಳುವೇ ಬಂತು. "ನಿನ್ನಾಣೆ ದೊಡ್ಡಮ್ಮಾ, ನಾನಲ್ಲ."

"ಅವಳಲ್ಲಮ್ಮ," ಎಂದಳು ಮಹಡಿಯಮ್ಮ. "ಮೇಲಿನ ನೆಲ ಹಲಗೇದು, ಎಲ್ಲ ಕೇಳ್ಸುತ್ತೆ. ನಾನು ಎದ್ದು ಹೋಗ್ಬೇಕಿತ್ತು, ಹೋಗ್ಲಿಲ್ಲ. ಬೇಡ ಅಂದ್ರೆ ತೆಗೆದುಬಿಡ್ತೀನಿ."

"ನಮ್ಮನ್ನ ಕಳ್ಳರು ಅಂದ್ರು. ಕದ್ದಿದ್ದು ಯಾರು ಈಗ?" ಎಂದು ಹಾಳೆ ಹರಿಯಲು ಎದ್ದೆ. ದೊಡ್ಡಮ್ಮ ನನ್ನ ಮಣಿಕಟ್ಟು ಹಿಡಿದಳು. ಎದುರಿನ ಖಾಲಿ ಜಾಗದ ಕಡೆ ನೋಡಿದಳು.

"ನಿಮ್ಮ ಕಥೇಲಿ ಅವಳು ಗಂಡನ್ನ ಅಷ್ಟೊಂದು ಬೈತಾಳಲ್ಲ," ಎಂದು ಮಹಡಿಯಮ್ಮನನ್ನು ಕೇಳಿದಳು, "ಅವರೇನಾದ್ರೂ ತಿರುಗಿ ಅಂತಾರಾ?"

"ಇಲ್ಲಮ್ಮ. ಏನೂ ಅನ್ನಲ್ಲ."

ದೊಡ್ಡಮ್ಮ ನನ್ನ ಕೈ ಬಿಟ್ಟಳು.

"ಇಲ್ಲೂ ಏನೂ ಅನ್ನಲ್ಲ," ಎಂದಳು. "ಸರಿ, ಮೂಲೆ ಹೊಲೀರಮ್ಮ."