ಎತ್ತಿಕೊಳ್ಳದ ಸೊಲ್ಲು

ತೊಂಬತ್ತರ ದಶಕದ ಆ ದಿನಗಳಲ್ಲಿ ನಮ್ಮೂರಿನ ಮದುವೆಗಳಿಗೆ ಸ್ಪೀಕರ್ ಸೆಟ್ಟು ಬಂದಾಗಿತ್ತು. ಆದರೂ ಅರಿಶಿನ ಹಚ್ಚುವ ಹೊತ್ತಿಗೆ ಯಾರಾದರೊಬ್ಬರು ಅದನ್ನು ನಿಲ್ಲಿಸಿ, "ಕೆಂಪಜ್ಜಿ ಕರೀರೋ" ಅನ್ನುತ್ತಿದ್ದರು. ಕೆಂಪಜ್ಜಿ ಅಂದರೆ ನನ್ನ ಅಪ್ಪನ ತಾಯಿ. ನಮ್ಮೂರು ಹೆಡತಲೆಯ ಸುತ್ತಮುತ್ತ ಅವಳಷ್ಟು ಸೋಬಾನೆ ಪದ ಬಲ್ಲವರಿರಲಿಲ್ಲ. ನಮ್ಮ ಕೇರಿಗಷ್ಟೇ ಅಲ್ಲ, ಮೇಲಿನ ಬೀದಿಯವರಿಗೂ ಅವಳೇ ಬೇಕು. ಅಲ್ಲಿ ಮಾತ್ರ ಚಪ್ಪರದ ಹೊರಗೆ ಕೂತು ಹಾಡುತ್ತಿದ್ದಳು.

ಸೋಬಾನೆ ಒಬ್ಬರೇ ಹಾಡುವ ಹಾಡಲ್ಲ. ಮುಂದಿನವಳು ಒಂದು ಸೊಲ್ಲು ಕೊಡುತ್ತಾಳೆ, ಹಿಂದಿನವಳು ಅದನ್ನೇ ಎತ್ತಿಕೊಳ್ಳುತ್ತಾಳೆ. ಅವಳು ಎತ್ತಿಕೊಂಡು ಮುಗಿಸುವಷ್ಟರಲ್ಲಿ ಮುಂದಿನವಳು ಉಸಿರು ತೆಗೆದುಕೊಳ್ಳಬೇಕು. "ಕೊಟ್ಟೋಳೇ ಎತ್ಕೊಂಡ್ರೆ ಅದು ಸೋಬಾನೆ ಅಲ್ಲ ಕಣ್ರವ್ವ, ಒಂಟಿ ಅಳು" ಎಂದು ಅಜ್ಜಿ ಹೇಳುತ್ತಿದ್ದಳು. ಮದುವೆಮನೆಗೆ ಅದು ಆಗಬಾರದಂತೆ.

ಅಜ್ಜಿಯ ಹತ್ತಿರ ಕಲಿತವರು ಇಬ್ಬರೇ. ನಾನು, ಮತ್ತೆ ಮೇಲಿನ ಬೀದಿಯ ಭಾಗ್ಯ. ಸ್ಕೂಲು ಬಿಟ್ಟ ಮೇಲೆ ನಾಲೆ ಏರಿಯ ಹುಣಸೆ ಮರದ ಕೆಳಗೆ ಅಜ್ಜಿ ಕುರಿ ಬಿಟ್ಟುಕೊಂಡು ಕೂತಿರುತ್ತಿದ್ದಳು. ನಾವು ಹುಣಸೆ ಚಿಗುರಿಗೆ ಉಪ್ಪು, ಹಸಿಮೆಣಸು ಸೇರಿಸಿ ಕಲ್ಲಲ್ಲಿ ಜಜ್ಜಿ ಒಂದೇ ಎಲೆಯಲ್ಲಿ ನೆಕ್ಕುತ್ತಿದ್ದೆವು. ಸೊಲ್ಲು ತಪ್ಪಿದವಳಿಗೆ ಇನ್ನೊಬ್ಬಳು ಕಿವಿ ಹಿಂಡಬೇಕು. ಭಾಗ್ಯನ ಕಿವಿ ಯಾವಾಗಲೂ ಕೆಂಪಗಿರುತ್ತಿತ್ತು.

"ಸಾಕು ಬುಡಮ್ಮಿ, ಓಲೆ ಆಕಕ್ಕೆ ಕಿವೀನೇ ಇರಕಿಲ್ಲ" ಎಂದು ನಗುತ್ತಿದ್ದಳು. ಅಲ್ಲಿ ಬೀದಿ, ಕೇರಿ ಅನ್ನುವುದು ನಮ್ಮ ತಲೆಗೇ ಬರುತ್ತಿರಲಿಲ್ಲ.

ನಾವು ಏಳನೇ ಕ್ಲಾಸಿನಲ್ಲಿದ್ದಾಗ ಟಿ. ನರಸೀಪುರದಲ್ಲಿ ಮಕ್ಕಳ ಜನಪದ ಹಾಡಿನ ಸ್ಪರ್ಧೆ ಇಟ್ಟರು. ಮೇಷ್ಟ್ರು ನಮ್ಮಿಬ್ಬರ ಹೆಸರು ಬರೆದುಕೊಂಡರು. ನಾನು ಮುಂದೆ, ಭಾಗ್ಯ ಹಿಂದೆ. ತಾಂಡ್ಯದ ಫ್ಯಾಕ್ಟರಿಯಲ್ಲಿ ಮೂಟೆ ಹೊರುತ್ತಿದ್ದ ಅಪ್ಪ ನನಗೆ ಹೊಸ ಚಪ್ಪಲಿ ತಂದ. ನಂಜನಗೂಡಿನ ಆಚೆ ನಾನು ಕಾಲಿಡುತ್ತಿದ್ದುದು ಅದೇ ಮೊದಲು. ಬಸ್ಸಿನ ಕಿಟಕಿಯಲ್ಲಿ ಇಬ್ಬರೂ ತಲೆ ಹೊರಗೆ ಹಾಕಿ ಹಾಡುತ್ತಾ ಹೋದೆವು. "ಏಯ್, ಗಂಟ್ಲು ಉಳುಸ್ಕಳ್ರವ್ವ!" ಎಂದು ಮೇಷ್ಟ್ರು ಬೈದರು.

ಭಾಗ್ಯನ ಸೋದರಮಾವನ ಮನೆ ನರಸೀಪುರದಲ್ಲೇ. ಮಧ್ಯಾಹ್ನದ ಊಟ ಅಲ್ಲಿ. ಮೇಷ್ಟ್ರೂ ಭಾಗ್ಯನೂ ಒಳಗೆ ಕೂತರು, ನನಗೆ ಜಗಲಿಯಲ್ಲಿ ಎಲೆ ಹಾಕಿದರು. ಅದು ನನಗೆ ಹೊಸದಲ್ಲ, ಅವರೆಕಾಳು ಹುಳಿ ಚೆನ್ನಾಗಿತ್ತು, ಎರಡು ಸಲ ಹಾಕಿಸಿಕೊಂಡೆ. ಆಗಲೇ ಒಳಗಿನಿಂದ ಮಾವನ ದನಿ ಕೇಳಿಸಿತು.

"ಇಂದೆ ಆಡದು ಅಂದ್ರೆ ಏನವ್ವ ಅರ್ಥ? ಅವ್ಳು ಏಳ್ಕೊಡದು, ನೀನು ಒಪ್ಸದಾ? ನಮ್ ಬೀದಿಯೋರೆಲ್ಲ ಬತ್ತಾವ್ರೆ ನೋಡಕ್ಕೆ."

"ಹಾಡಿನ ಕ್ರಮ ಹಂಗೆ ಸಾ..." ಎಂದು ಮೇಷ್ಟ್ರು ಏನೋ ಶುರು ಮಾಡಿ ಅಲ್ಲಿಗೇ ನಿಲ್ಲಿಸಿದರು. ಭಾಗ್ಯ ಏನಂದಳೋ ಕೇಳಿಸಲಿಲ್ಲ.

ಸ್ಟೇಜಿನ ಪಕ್ಕದಲ್ಲಿ ನಾನೇ ಕೇಳಿದೆ. "ಬೇಕಾದ್ರೆ ನೀನು ಮುಂದೆ ಆಡಮ್ಮಿ. ನಾ ಎತ್ಕೋತೀನಿ."

"ನಂಗೆ ಮುಂದ್ಲುದು ಪೂರ್ತಿ ಬರಾಕಿಲ್ಲ ಕಣಮ್ಮಿ" ಅಂದಳು. ಆಮೇಲೆ ನನ್ನ ಕೈ ಹಿಡಿದು, "ನೀ ಸುರು ಮಾಡು. ನಾನಿಲ್ವಾ?" ಅಂದಳು.

ಶುರು ಮಾಡಿದೆ. ಕಪಿಲೆಯ ನೀರು ತಂದು ಮದುಮಗಳ ಕಾಲು ತೊಳೆಯುವ ಹಾಡು. ಮೊದಲ ಸೊಲ್ಲು ಕೊಟ್ಟು ಉಸಿರೆಳೆದುಕೊಂಡು ನಿಂತೆ. ಹಿಂದಿನಿಂದ ಏನೂ ಬರಲಿಲ್ಲ. ತಿರುಗಿ ನೋಡಿದರೆ ಭಾಗ್ಯ ತುಟಿ ಬಿಗಿದು ಮೂರನೇ ಸಾಲಿನಲ್ಲಿ ಕೂತಿದ್ದ ಮಾವನ ಕಡೆ ನೋಡುತ್ತಿದ್ದಳು. ಇನ್ನೊಂದು ಸಲ ಕೊಟ್ಟೆ. ಇಲ್ಲ. ಹಿಂದಿನ ಸಾಲಿನ ಹುಡುಗರು ಕಿಸಕ್ಕೆಂದರು.

ಇಳಿದುಹೋಗಬಹುದಿತ್ತು. ಹೋಗಲಿಲ್ಲ. ನಾನೇ ಕೊಟ್ಟು ನಾನೇ ಎತ್ತಿಕೊಂಡೆ. ಉಸಿರಿಗೆ ಎಡೆಯೇ ಇಲ್ಲದೆ ಐದನೇ ಸೊಲ್ಲಿಗೆ ದನಿ ಒಡೆಯಿತು, ಆದರೂ ಒಂಬತ್ತನ್ನೂ ಮುಗಿಸಿದೆ. ಭಾಗ್ಯ ಕೊನೆಯವರೆಗೂ ನನ್ನ ಹಿಂದೆಯೇ ನಿಂತಿದ್ದಳು. "ಒಬ್ಬಳೇ ಹಾಡಿದ್ದು ನಿಯಮಕ್ಕೆ ಬರಲ್ಲಮ್ಮ" ಎಂದರು ತೀರ್ಪುಗಾರರು. ಅವರ ಮಾತು ಸರಿಯೇ ಇತ್ತು.

ವಾಪಸು ಬರುವಾಗ ಬಸ್ಸಿನಲ್ಲಿ ಭಾಗ್ಯ ನನ್ನ ಪಕ್ಕ ಬಂದು ಕೂತಳು. "ಗಂಟ್ಲು ಕಟ್ಕಬುಡ್ತು ಕಣಮ್ಮಿ" ಅಂದಳು. ನಂಬಬೇಕು ಅಂತಲೇ ಇದ್ದೆ. ಅಷ್ಟರಲ್ಲಿ ಬಸ್ಸು ಹೊರಟಿತು. ಅವಳು ಕಿಟಕಿಗೆ ಬಗ್ಗಿ, ಕಳಿಸಲು ಬಂದಿದ್ದ ಮಾವನಿಗೆ, ಇಡೀ ಬಸ್ ಸ್ಟ್ಯಾಂಡಿಗೇ ಕೇಳುವ ಹಾಗೆ, "ಮಾವಾ, ಅಬ್ಬಕ್ಕೆ ಬತ್ತೀನಿ, ಬಳೆ ತಗ್ದಿಟ್ಟಿರು!" ಎಂದು ಕೂಗಿದಳು.

ಮನೆಯಲ್ಲಿ ಅಜ್ಜಿ ಬಹುಮಾನ ಬಂತಾ ಅಂತ ಕೇಳಲೇ ಇಲ್ಲ. "ಬಾಗ್ಯ ಸೊಲ್ಲು ಸರಿಯಾಗಿ ಎತ್ಕೊಂಡ್ಲಾ?" ಅಂದಳು.

"ಊಂ ಅಜ್ಜಿ. ಚೆನ್ನಾಗ್ ಎತ್ಕೊಂಡ್ಲು."

ಅಜ್ಜಿಯ ಮುಖ ಅರಳಿತು. "ನಾ ಏಳ್ನಿಲ್ವಾ? ಅವ್ಳು ನಮ್ಮ ಮಗಾನೇ."

ಭಾಗ್ಯ ಆಮೇಲೆ ನಾಲೆ ಏರಿಗೆ ಬರಲಿಲ್ಲ. "ಯಾಕವ್ವ ಅದು ಬರ್ನೇ ಇಲ್ಲ?" ಎಂದು ಅಜ್ಜಿ ತುಂಬಾ ದಿನ ಕೇಳಿದಳು. ಪರೀಕ್ಷೆ ಅಂದೆ, ಜ್ವರ ಅಂದೆ. ನಾನು ಎಸ್ಸೆಸ್ಸೆಲ್ಸಿಯಲ್ಲಿದ್ದಾಗ ಅಜ್ಜಿ ತೀರಿಕೊಂಡಳು, ಭಾಗ್ಯನನ್ನು ನಂಬಿಕೊಂಡೇ.

ನಮ್ಮ ಮನೆಯಲ್ಲಿ ಡಿಗ್ರಿ ಮಾಡಿದವಳು ನಾನೇ ಮೊದಲು. ಅದಕ್ಕಾಗಿ ಪಟ್ಟ ಪಾಡನ್ನು ಇಲ್ಲಿ ಬರೆಯುವುದಿಲ್ಲ. ಎಲ್ಲಿ ಹೋದರೂ ಒಬ್ಬಳೇ ನಿಂತು ಮುಗಿಸುವುದನ್ನು ಕಲಿತೆ, ಅದರ ಬಗ್ಗೆ ಹೆಮ್ಮೆಯೂ ಇದೆ. ನಾನು ಪಾಠ ಹೇಳುವ ಮೇಡಂ ಆದ ಮೇಲೆ ಒಂದು ದಿನ ಭಾಗ್ಯ ಫೋನ್ ಮಾಡಿದಳು. ಮಗಳ ಸ್ಕೂಲ್ ಡೇಗೆ ಅಜ್ಜಿಯ ಸೋಬಾನೆ ಒಂದು ಬೇಕಂತೆ.

"ಕಪಿಲೆ ನೀರಿನ ಪದ ಕಣೇ. ಒಂದ್ಸಲ ಹಾಡು, ಮಗ ಬರ್ಕೊತಾಳೆ."

"ಹಾಡ್ತೀನಿ. ನೀನು ಎತ್ಕೋ" ಅಂದೆ.

ಫೋನ್ ಕಿವಿಗಿಟ್ಟುಕೊಂಡು ಮೊದಲ ಸೊಲ್ಲು ಹಾಡಿದೆ. ದನಿ ಒಡೆಯಲಿಲ್ಲ. ಕಾದೆ. ಆ ಕಡೆ ಅವಳ ಮಗಳು, "ಅಮ್ಮಾ, ಯಾಕೆ ಅಳ್ತಿದ್ದೀಯ?" ಎಂದು ಕೇಳುತ್ತಿದ್ದಳು. ಅಂದು ನನ್ನ ಹಿಂದೆ ನಿಂತವಳಿಗೆ ಈ ಅಳು ಬಂದಿದ್ದರೂ ಸಾಕಿತ್ತು. ಇಷ್ಟು ವರ್ಷ ಆದ ಮೇಲೆ ಅದನ್ನು ತೆಗೆದುಕೊಂಡು ಏನು ಮಾಡಲಿ? ಎರಡನೇ ಸೊಲ್ಲು ಕೊಡದೆ ಫೋನ್ ಇಟ್ಟೆ. ಆ ಹಾಡು ಪೂರ್ತಿ ಬಲ್ಲವಳು ಈಗ ನಾನೊಬ್ಬಳೇ, ನನ್ನ ಮಗಳಿಗೂ ಅದನ್ನು ಕಲಿಸಿಲ್ಲ.