ಅಣ್ಣ ಕೊಡುತ್ತಿದ್ದ ಸಾ

ಅಣ್ಣ ತೀರಿಕೊಂಡಾಗ ನನಗೆ ಅಳು ಬರಲಿಲ್ಲ. ಎದೆ ನೋಯುತ್ತದೆ ಎಂದು ತಾನೇ ಬೈಕು ಹೊಡೆದುಕೊಂಡು ಆಸ್ಪತ್ರೆಗೆ ಹೋದವನು ಹೊಳ್ಳಿ ಬರಲಿಲ್ಲ, ಅಷ್ಟೇ. ನಮ್ಮ ಕಡೆ ಸತ್ತವರ ಮನೆಗೆ ಮಾತಾಡಿಸಲಿಕ್ಕೆ ಬರುವ ಹೆಂಗಸರು ಹೊಸ್ತಿಲು ದಾಟುತ್ತಲೇ ದನಿ ತೆಗೆದು ಅಳುತ್ತಾರೆ. ಮನೆಯವರು ಅವರ ಕೊರಳಿಗೆ ಬಿದ್ದು ಅಳಬೇಕು. ಅವ್ವ ಒಬ್ಬೊಬ್ಬರ ಕೊರಳಿಗೂ ಬಿದ್ದು ಅತ್ತಳು. ನಾನು ಚಹಾ ಮಾಡಿದೆ. ಬಂದವರಿಗೆಲ್ಲ ಚಹಾ, ಮತ್ತೆ ಬಂದವರಿಗೆ ಮತ್ತೆ ಚಹಾ. ಹೆಬ್ಬಳ್ಳಿಯಿಂದ ಬಂದಿದ್ದ ದೊಡ್ಡವ್ವ ಅಡುಗೆಮನೆಗೇ ಬಂದು, "ಯವ್ವಾ, ಒಮ್ಮೆ ಅತ್ತುಬಿಡು, ಹಗುರಾಕ್ಕೈತಿ," ಎಂದಳು. "ಸಕ್ಕರಿ ಎಷ್ಟ ಹಾಕ್ಲಿ ದೊಡ್ಡವ್ವಾ?" ಎಂದು ಕೇಳಿದೆ. ಆಕೆ ನನ್ನ ಮುಖ ನೋಡಿ ಹೊರಗೆ ಹೋದಳು. ಹೋಗಲಿ ಬಿಡು ಎಂದುಕೊಂಡೆ. ಬರದ ಅಳುವನ್ನು ಎಲ್ಲಿಂದ ತರಲಿ, ಸಂತೆಯಲ್ಲಿ ಸಿಗುತ್ತದೆಯೇ?

ನಮ್ಮದೊಂದು ರಾಕ್ ಬ್ಯಾಂಡು ಇತ್ತು. ಹೆಸರು ಹೇಳಿದರೂ ನೀವು ಕೇಳಿರುವುದಿಲ್ಲ, ಬಿಡಿ. ಅಣ್ಣ ಗಿಟಾರು, ಹಗಲು ಹೊತ್ತು ಟ್ರ್ಯಾಕ್ಟರ್ ಬಿಡಿಭಾಗಗಳ ಅಂಗಡಿಯಲ್ಲಿ ಕೆಲಸ. ನಾನು ಬೇಸ್ ಗಿಟಾರು ಮತ್ತು ಹಾಡುವವಳು. ಹಗಲು ಹೊತ್ತು ಸಾಲಿ ಟೀಚರು. ಡ್ರಮ್ಸ್ ಬಾರಿಸುವ ಭಾಯಿಗೆ ಹಳೇ ಹುಬ್ಬಳ್ಳಿಯಲ್ಲಿ ಗ್ಯಾರೇಜು. ಶುಕ್ರವಾರ ಗ್ಯಾರೇಜಿಗೆ ಸೂಟಿ, ಹಾಗಾಗಿ ಆ ಸಂಜೆ ಎಂಜಿನ್ ಎಣ್ಣೆಯ ವಾಸನೆಯಲ್ಲಿ ನಮ್ಮ ತಾಲೀಮು. ಧಾರವಾಡದಿಂದ ಹುಬ್ಬಳ್ಳಿಗೆ ಓಡುವ ಚಿಗರಿ ಬಸ್ಸಿನಲ್ಲಿ ಬೇಸ್ ಹೊತ್ತುಕೊಂಡು ನಿಂತರೆ ಮಂದಿ, "ಟೀಚರ, ಏನ್ರಿ ಅದು, ಹೆಣಾ ಹೊತ್ತಂಗ ಹೊತ್ತೀರಿ?" ಎನ್ನುತ್ತಿದ್ದರು. ನಾನು ನಕ್ಕುಬಿಡುತ್ತಿದ್ದೆ. ಆಗ ನಗಲಿಕ್ಕೆ ಬರುತ್ತಿತ್ತು.

ನಾವು ಸ್ವಂತ ಹಾಡು ಕಟ್ಟಿದವರಲ್ಲ. ಅವ್ವನ ಸೋಮವಾರದ ಭಜನೆಯ ಹಾಡು, ಸೀರೆ ನೇಯುವವರ ಹಾಡು, ಅಪ್ಪ ಗುನುಗುತ್ತಿದ್ದ ಸಿನಿಮಾ ಹಾಡು, ಇವನ್ನೇ ಗಿಟಾರಿಗೆ ಕೂಡಿಸಿ ಜೋರಾಗಿ ಹೊಡೆಯುವುದು. ಅವನ್ನೆಲ್ಲ ಒಂದು ಆಲ್ಬಮ್ ಮಾಡಬೇಕೆಂಬುದು ಅಣ್ಣನ ಹುಚ್ಚು. "ಮಂದಿ ಹಾಡು ಹಾಡಾಕ ಇಷ್ಟ್ಯಾಕ ಬಡದಾಡ್ತೀರೋ?" ಎಂದು ಅವ್ವ ನಗುತ್ತಿದ್ದಳು.

ರೆಕಾರ್ಡಿಂಗ್ ವಿದ್ಯಾನಗರದ ಒಂದು ಸಣ್ಣ ಸ್ಟುಡಿಯೋದಲ್ಲಿ. ಅಲ್ಲಿ ಪದ್ಧತಿ ಹೀಗೆ: ಮೊದಲು ಒಬ್ಬರು ಇಡೀ ಹಾಡನ್ನು ಸುಮ್ಮನೆ, ಅಂದಚಂದ ನೋಡದೆ, ಮೊದಲಿನಿಂದ ಕೊನೆಯವರೆಗೆ ಬಾರಿಸಿ ಇಡುತ್ತಾರೆ. ಅದಕ್ಕೆ ಗೈಡು ಅನ್ನುತ್ತಾರೆ. ಉಳಿದವರು ಅದನ್ನು ಹೆಡ್‌ಫೋನಿನಲ್ಲಿ ಕೇಳುತ್ತ ತಮ್ಮ ತಮ್ಮ ಪಾಲಿನದನ್ನು ಒಬ್ಬೊಬ್ಬರಾಗಿ ಬಾರಿಸುತ್ತಾರೆ. ಎಲ್ಲರದೂ ಮುಗಿದ ಮೇಲೆ ಗೈಡನ್ನು ತೆಗೆದು ಬಿಸಾಕುತ್ತಾರೆ. ಅಣ್ಣ ಎಲ್ಲ ಹಾಡಿಗೂ ಗೈಡು ಬಾರಿಸಿಟ್ಟಿದ್ದ. "ನಂದು ಕಡೀಕ ಛಲೋತ್ನ್ಯಾಗ ಬಾರಸ್ತೀನಿ," ಎಂದಿದ್ದ. ಭಾಯಿಯ ಡ್ರಮ್ಸ್ ಮುಗಿದಿತ್ತು. ಅಷ್ಟರಲ್ಲಿ ಅಣ್ಣ ಹೋದ.

ಆಲ್ಬಮ್ ಮುಗಿಸೋಣ ಎಂದವನು ಭಾಯಿ. ಆಗಲಿ ಎಂದೆ. ಬೇಡ ಎಂದಿದ್ದರೂ ಅದೇ ದನಿಯಲ್ಲಿ ಎನ್ನುತ್ತಿದ್ದೆ. ಆ ದಿನಗಳಲ್ಲಿ ಸಾಲಿಯಲ್ಲಿ ಪಾಠ ಹೇಳಿದ್ದು, ಊಟ ಮಾಡಿದ್ದು, ತಲೆ ಬಾಚಿಕೊಂಡಿದ್ದು ಎಲ್ಲ ಬೇರೆ ಯಾರೋ ಮಾಡಿದಂತೆ ನೆನಪಿದೆ.

ಅಣ್ಣನ ಪಾಲಿನದನ್ನು ಬಾರಿಸಲು ಕಾಲೇಜು ಹುಡುಗನೊಬ್ಬನನ್ನು ಭಾಯಿ ಹುಡುಕಿ ತಂದ. ಒಳ್ಳೆಯ ಕೈ, ನಮ್ರತೆ ಬೇರೆ. ಆ ಹುಡುಗ ಮೊಬೈಲಿನ ಆ್ಯಪು ನೋಡಿ ತಂತಿ ಶ್ರುತಿ ಮಾಡಿಕೊಂಡು, ಹೆಡ್‌ಫೋನು ಹಾಕಿಕೊಂಡು ಗೈಡಿನ ಜೊತೆ ಬಾರಿಸತೊಡಗಿದ. ಎರಡು ಸಾಲು ಬಾರಿಸಿ ನಿಂತ. ಮತ್ತೆ ತಂತಿ ನೋಡಿಕೊಂಡ, ಮತ್ತೆ ನಿಂತ.

"ಅಕ್ಕಾರ, ಸಿಟ್ಟಾಗಬ್ಯಾಡ್ರಿ. ಈ ಗೈಡ ಏರೇತ್ರಿ."

"ಏರೇತಿ ಅಂದ್ರ?"

"ಇರಬೇಕಾದ್ದಕ್ಕಿಂತ ಮ್ಯಾಲ ಐತ್ರಿ. ಪೂರ್ತಿ ಒಂದ ಸುರದ ಮನಿ ಅಲ್ಲ, ಎರಡ ಮನಿ ನಡುವ ಎಲ್ಲೋ ಕುಂತೇತಿ. ಯಾ ವಾದ್ಯಕ್ಕೂ ಕೂಡೂದಿಲ್ಲ."

ಕಾರಣ ನನಗೆ ತಟ್ಟನೆ ತಿಳಿಯಿತು. ನಮ್ಮ ಮನೆಯಲ್ಲಿ ಅಪ್ಪನ ಕಾಲದ ಹಾರ್ಮೋನಿಯಂ ಇದೆ. ನಾವು ಪೇಟಿ ಅನ್ನುತ್ತೇವೆ. ಯಾರೋ ಬಾರಿಸಿ ಬಿಟ್ಟಿದ್ದನ್ನು ಅಪ್ಪ ಕೊಂಡು ತಂದದ್ದು. ಅಣ್ಣ ಗಿಟಾರಿನ ಶ್ರುತಿ ಮಾಡುತ್ತಿದ್ದುದು ಅದರ ಮೊದಲ ಕಪ್ಪು ಮನೆ, ಅಂದರೆ ಕಪ್ಪು ಕೀಲಿ, ಒತ್ತಿ. ಆ್ಯಪು ಹಾಕಿಕೋ ಎಂದರೆ, "ಮನ್ಯಾಗ ಪೇಟಿ ಇರೂವಾಗ ಮೊಬೈಲ್ ಯಾತಕ್ಕ?" ಎನ್ನುತ್ತಿದ್ದ. ಗ್ಯಾರೇಜಿಗೆ ಬಂದು ನನಗೆ ಸಾ ಕೊಡುತ್ತಿದ್ದ, ನಾನು ಅವನಿಗೆ ಕೂಡಿಸಿಕೊಳ್ಳುತ್ತಿದ್ದೆ. ಅವನು ಯಾವ ಸಾ ಕೊಟ್ಟರೂ ಅದೇ ಸಾ. ಅದು ಜಗತ್ತಿನ ಸಾ ಅಲ್ಲ, ನಮ್ಮ ಮನೆಯದೊಂದೇ ಎಂದು ನಮಗೆ ಹೊಳೆದೇ ಇರಲಿಲ್ಲ. ಹೊರಗಿನವರ ಜೊತೆ ಬಾರಿಸಿದ್ದರೆ ತಾನೇ ತಿಳಿಯುವುದು! ಡ್ರಮ್ಸಿಗಂತೂ ಈ ಗೊಡವೆಯೇ ಇಲ್ಲ.

ಸ್ಟುಡಿಯೋದವರು ಸಮಾಧಾನ ಹೇಳಿದರು. "ಅದಕ್ಕೇನ್ರಿ ಟೀಚರ, ಗೈಡ್ ಹೆಂಗೂ ತಗಿಯೂದ ಅಲ್ಲ. ಈಗ ತಗದು, ಈ ತಮ್ಮನ ಕಡಿಂದ ಸರಿ ಸುರಕ್ಕ ಹೊಸಾದು ಬಾರಸೋಣ. ಶನಿವಾರ ಎಲ್ಲಾ ಒಮ್ಮೆ ಸ್ವಚ್ಛ ಮಾಡತೀನಿ. ತಗೀಲೇನು?"

ಭಾಯಿ ನನ್ನ ಕಡೆ ನೋಡಿದ. ಅಣ್ಣ ಬಾರಿಸಿದ್ದು ಅಂತ ಈ ಲೋಕದಲ್ಲಿ ಉಳಿದಿದ್ದು ಅದೊಂದೇ. ಅದು ನನಗೂ ಗೊತ್ತು, ಅವನಿಗೂ ಗೊತ್ತು.

"ತಗೀರಿ," ಎಂದೆ. ಸಕ್ಕರೆ ಎಷ್ಟು ಎಂದು ಕೇಳಿದ್ದೆನಲ್ಲ, ಅದೇ ದನಿ.

ಬೀದಿಗೆ ಬಂದ ಮೇಲೆ ಭಾಯಿ, "ತಂಗಿ, ವಿಚಾರ ಮಾಡಿ ಹೇಳಿದ್ಯೇನು?" ಎಂದ. "ವಿಚಾರ ಮಾಡೂದ ಏನೈತಿ ಭಾಯಿ? ತಪ್ಪ ಸುರ, ತಪ್ಪ ಸುರನ," ಎಂದೆ.

ಶನಿವಾರಕ್ಕೆ ಮೊದಲು ಒಂದು ಸಂಜೆ ಸಾಲಿ ಬಿಟ್ಟು ಮನೆಗೆ ಬಂದರೆ, ಪಡಸಾಲೆಯಲ್ಲಿ ಅವ್ವ ಪೇಟಿ ಮುಂದಿಟ್ಟುಕೊಂಡು ಕುಳಿತಿದ್ದಳು. ಹಿತ್ತಾಳೆ ಕೊಂಡಿಗಳು ಫಳಫಳ ಹೊಳೆಯುತ್ತಿದ್ದವು. ಗಾಳಿ ಊದುವ ಭಾತಿಗೆ ಹೊಸ ಬಟ್ಟೆ ಅಂಟಿಸಿದ್ದರು.

"ರಿಪೇರಿ ಮಾಡಿಸಿದೆ," ಎಂದಳು. "ಅಂವಾ ಮಾಡಸ್ತೀನಿ ಮಾಡಸ್ತೀನಿ ಅಂತ ಅನ್ಕೋತನ ಇದ್ದ. ಅದೊಂದ ಕೆಲಸ ಉಳಿದಿತ್ತು ಅವಂದು. ನಿನ್ನಿ ಕೊಟ್ಟು, ಇವತ್ತ ತರಿಸಿದೆ. ನೋಡಿಲ್ಲೆ, ಸುರಾನೂ ಸರಿ ಮಾಡಿ ಕೊಟ್ಟಾರ."

ಚೀಲವನ್ನು ಹೆಗಲಿನಿಂದ ಇಳಿಸದೆಯೇ ಕುಳಿತು ಮೊದಲ ಕಪ್ಪು ಮನೆ ಒತ್ತಿದೆ. ಸುರ ಇಳಿದಿತ್ತು. ಮೊಬೈಲಿಗೆ ಆ ಹುಡುಗನಂಥದೇ ಆ್ಯಪು ಹಾಕಿ ನೋಡಿದರೆ, ಕೂದಲಷ್ಟೂ ಆಚೀಚೆ ಇಲ್ಲದೆ ನಿಂತಿತ್ತು.

"ಯಾರನ್ನ ಕೇಳಿ ಮಾಡಿಸಿದಿ ನೀನು?" ಎಂದು ಕಿರುಚಿದೆ. ಎಷ್ಟೋ ದಿನಗಳ ಮೇಲೆ ನನ್ನ ದನಿ ನನಗೇ ಕೇಳಿಸಿತು.

ಅವ್ವ ಗಾಬರಿಯಾದಳು. "ಯಾಕವ್ವಾ? ಛಲೋ ಆಗಿಲ್ಲೇನು? ನನಗರ ಹಾಡಾಕ ಹಗುರಾಗೇತಿ."

ಮಗನ ಕೊನೆಯ ಕೆಲಸ ಮುಗಿಸಿದೆನೆಂದು ಕುಳಿತ ತಾಯಿಗೆ, ಮಗ ಕೊಡುತ್ತಿದ್ದ ಸಾ ಅನ್ನೇ ನೀನು ಅಳಿಸಿಬಿಟ್ಟೆ ಎಂದು ಯಾವ ಬಾಯಿಂದ ಹೇಳಲಿ? ಪುಣ್ಯಾತಗಿತ್ತಿ, ಆಕೆಯದೇನು ತಪ್ಪು. "ಛಲೋ ಆಗೇತಿ ಬೇ," ಎಂದು ಒಳಗೆ ಹೋಗಿ ಚಹಾಕ್ಕೆ ನೀರಿಟ್ಟೆ. ನೀರು ಕುದಿದು ಕುದಿದು ಪಾತ್ರೆಯ ತಳ ಹತ್ತಿತು. ನಮ್ಮ ಸಾ ಈಗ ಇರುವುದು ಆ ಗೈಡಿನಲ್ಲಿ ಮಾತ್ರ, ಅದನ್ನೂ ತೆಗೆಯಿರಿ ಎಂದು ಹೇಳಿ ಬಂದವಳು ನಾನೇ. ಸ್ಟುಡಿಯೋಕ್ಕೆ ಫೋನು ಮಾಡಿದರೆ ಯಾರೂ ಎತ್ತಲಿಲ್ಲ.

ಶನಿವಾರ ಅರ್ಧ ದಿನದ ಸಾಲಿ. ಗಂಟೆ ಬಾರಿಸಿದ್ದೇ ತಡ, ಬಸ್ಸು ಹತ್ತಿದೆ. ಸ್ಟುಡಿಯೋದ ಮೆಟ್ಟಿಲು ಹತ್ತುತ್ತಲೇ, "ಗೈಡ್ ತಗದ್ರೇನು?" ಎಂದು ಕೂಗಿದೆ.

"ಇನ್ನೂ ಇಲ್ರಿ, ಈಗ ಕುಂತಿದ್ದೆ..."

"ಮುಟ್ಟಬ್ಯಾಡ್ರಿ. ಅದ ಇರಲಿ. ಹಾಡಿನ್ಯಾಗ ಅವನ ಗಿಟಾರನ ಇರಲಿ."

ಭಾಯಿಯ ಜೊತೆ ಹೊಸ ಗೈಡು ಬಾರಿಸಲು ಬಂದಿದ್ದ ಹುಡುಗ ಮೆಲ್ಲಗೆ, "ಅಕ್ಕಾರ, ಹಂಗಾದ್ರ ನಾವೆಲ್ಲಾ ಅದಕ್ಕ ಏರಿಸ್ಕೋಬೇಕಾಕ್ಕೇತಿ," ಎಂದ.

"ಏರಿಸ್ಕೋ."

"ಹೊರಗಿನ ಮಂದಿ ಕೂಡ ಬಾರಸಾಕ ಬರೂದಿಲ್ರಿ."

"ಹೊರಗಿನ ಮಂದಿನ್ನ ಇಲ್ಲಿ ಯಾರು ಕರದಾರ?" ಎಂದೆ. ಪಾಪ, ಆ ಹುಡುಗ ತಲೆ ಕೆಳಗೆ ಹಾಕಿದ. ಭಾಯಿ ಅವನ ಬೆನ್ನ ಮೇಲೆ ಕೈಯಿಟ್ಟು, "ಅಂವಾ ಒರಟ ಬಾರಿಸ್ಯಾನ, ನೀ ಅದರ ಬಾಜೂಕ ಮೆತ್ತಗ ಬಾರಸು," ಎಂದ. ಹುಡುಗ ಹೂಂ ಎಂದ.

ನಾನು ಸ್ಟುಡಿಯೋದಲ್ಲೇ ಬಿಟ್ಟಿದ್ದ ಬೇಸನ್ನು ತೊಡೆಯ ಮೇಲಿಟ್ಟುಕೊಂಡು ಹೆಡ್‌ಫೋನು ಹಾಕಿಕೊಂಡೆ. "ಎಲ್ಲಿಂದ ಹಾಕ್ಲಿ?" ಎಂದು ಸ್ಟುಡಿಯೋದವರು ಗಾಜಿನ ಆಚೆಯಿಂದ ಕೇಳಿದರು. "ಮೊದಲಿಂದ ಹಾಕ್ರಿ. ಹಾಡು ಸುರುವಾಗೂಕಿಂತ ಮೊದಲಿಂದ."

ಹೆಡ್‌ಫೋನಿನಲ್ಲಿ ಖುರ್ಚಿ ಕಿರ್ರೆಂದಿತು. ಅಣ್ಣ ಗಂಟಲು ಸರಿಮಾಡಿಕೊಂಡ. ಅವನು ಗೈಡು ಬಾರಿಸಿದ ದಿನ ನಾನು ಇದೇ ಕೋಣೆಯಲ್ಲಿ ಅವನೆದುರು ಬೇಸ್ ಹಿಡಿದು ಕುಳಿತಿದ್ದೆ. ಮೈಕು ಇದ್ದದ್ದು ಅವನ ಹತ್ತಿರ ಮಾತ್ರ.

"ತಂಗೀ, ತಗೋ ಸಾ," ಎಂದ. ತಂತಿ ಮೀಟಿದ.

ನಾನು ಬೇಸಿನ ಕಿವಿ ಹಿಂಡಿದೆ, ತಂತಿ ಬಿಗಿಯಾಯಿತು.

"ಇನ್ನೊಂಚೂರ ಏರ್ಸು."

ಏರಿಸಿದೆ.

"ಇನ್ನೊಂಚೂರ. ಹಾಂ, ಬಂತ ನೋಡು."

ಬಂದಿರಲಿಲ್ಲ. ತಂತಿ ಇನ್ನೂ ಕೆಳಗೇ ಇತ್ತು. "ಬಂದಿಲ್ಲೋ ಅಣ್ಣಾ, ತಡಿಯೋ!" ಎಂದೆ. ಹೆಡ್‌ಫೋನು ಇದ್ದಾಗ ತನ್ನ ದನಿ ಎಷ್ಟು ದೊಡ್ಡದೆಂದು ತನಗೆ ತಿಳಿಯುವುದಿಲ್ಲ. ಭಾಯಿ ಗೋಡೆಯ ಕಡೆ ಮುಖ ತಿರುಗಿಸಿದ. ಅಣ್ಣ ತಡೆಯಲಿಲ್ಲ. ಒಂದು, ಎರಡು ಎಂದು ಎಣಿಸಿ ಹಾಡು ಸುರು ಮಾಡಿಬಿಟ್ಟ.

ಸ್ಟುಡಿಯೋದವರು ನಿಲ್ಲಿಸಿದರು. ನನ್ನ ಕಣ್ಣು ಮೂಗು ಎಲ್ಲ ಒಂದಾಗಿ ಸುರಿಯುತ್ತಿತ್ತು, ಸೆರಗು ಸಾಲುತ್ತಿರಲಿಲ್ಲ.

"ಟೀಚರ, ಮತ್ತೊಮ್ಮೆ ಹಾಕ್ಲೇನ್ರಿ?"

"ಹಾಕ್ರಿ," ಎಂದೆ. "ತಗೋ ಅಂತಾನಲ್ಲ, ಅಲ್ಲಿಂದ ಹಾಕ್ರಿ."